ಹುದ್ದೆ ಒಂದು, ಭರ್ತಿಯಾಗಿದೆ

ಹಳೆಯ ದಫ್ತರ ಬಿಚ್ಚುವ ಮುಂಚೆ ಅದರ ಬೆನ್ನಿನ ಮೇಲೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ಪೆನ್ಸಿಲಿನಲ್ಲಿ ಓರೆಯಾಗಿ ಒಂದು ಗೆರೆ ಎಳೆಯಬೇಕು. ಆಮೇಲೆ ಹಾಳೆಗಳು ಎಷ್ಟೇ ಕಲಸಿಹೋದರೂ ಒಂದೊಂದರ ಅಂಚಿನಲ್ಲೂ ಆ ಗೆರೆಯ ಒಂದು ಚುಕ್ಕಿ ಉಳಿದಿರುತ್ತದೆ. ಚುಕ್ಕಿಗಳನ್ನು ಸಾಲಾಗಿ ಹೊಂದಿಸಿದರೆ ಹಾಳೆಗಳು ಮೊದಲಿದ್ದ ಹಾಗೆಯೇ ಕೂರುತ್ತವೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹೊಸಪೇಟೆಯ ಬೈಂಡಿಂಗ್ ಅಂಗಡಿ ಸೇರಿದಾಗ ನನ್ನ ಉಸ್ತಾದರು ಮೊದಲು ಕಲಿಸಿದ್ದು ಇದನ್ನೇ. ನಾನು ಕಟ್ಟಿದ ಪುಸ್ತಕದ ಬೆನ್ನು ಬಿಟ್ಟುಕೊಂಡಿತು ಎಂದು ಇವತ್ತಿನವರೆಗೂ ಯಾರೂ ಅಂಗಡಿಯ ಬಾಗಿಲಿಗೆ ಬಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳವು. ನಮ್ಮ ಓಣಿಯಲ್ಲಿ ಕೈಕಾಲು ಗಟ್ಟಿ ಇದ್ದವರೆಲ್ಲ ಸಂಡೂರಿನ ಕಡೆಗೋ ತೋರಣಗಲ್ಲಿನ ಕಡೆಗೋ ಹೋಗಿಬಿಟ್ಟಿದ್ದರು. “ಮೈದಾ ಅಂಟು ಕಲಸ್ಕಂತ ಎಷ್ಟು ದಿನ ಕುಂದರ್ತೀಯಲೇ, ಬಾ, ಲೋಡಿಂಗ್ ಲೆಕ್ಕ ಬರಿ” ಎಂದು ಕರೆದವರು ಬಹಳ ಮಂದಿ. ನಾನು ಹೋಗಲಿಲ್ಲ. ಅಂಥ ಒಂದು ಬೇಸಿಗೆಯಲ್ಲಿ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದರು. ಮೈಸೂರು ಕಡೆಯ ಮಾತು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕಚೇರಿಗಳಿಂದ ತಂದ ಅನುಮತಿ ಪತ್ರಗಳು.

“ಹಳೇ ಫೈಲುಗಳನ್ನ ಬಿಚ್ಚಿ ತೋರಿಸಿ, ಮತ್ತೆ ಇದ್ದ ಹಾಗೇ ಕಟ್ಟಿಕೊಡೋರು ಬೇಕು. ಒಂದು ಹಾಳೆ ಹರಿದರೂ ಮುಂದಿನ ಕಚೇರಿಯವರು ನನಗೆ ಬಾಗಿಲು ತೆಗೆಯಲ್ಲ” ಎಂದರು.

“ಹರಿಯಂಗಿಲ್ರಿ.”

“ಅಷ್ಟು ಧೈರ್ಯನಾ?”

“ಧೈರ್ಯ ಅಲ್ರಿ ಮೇಡಮ್ಮೋರೆ, ರೂಢಿ.”

ಅವರು ನಕ್ಕು ತಮ್ಮ ಕೆಲಸ ವಿವರಿಸಿದರು. ಡಾಕ್ಟರೇಟ್ ಮುಗಿಸಿದವರು ಕಾಯಂ ಕೆಲಸ ಸಿಗುವ ತನಕ ಒಂದೆರಡು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಇದ್ದು ಸಂಶೋಧನೆ ಮಾಡುತ್ತಾರೆ. ಪೋಸ್ಟ್‌ಡಾಕ್ ಎನ್ನುತ್ತಾರೆ. ವಿದ್ಯಾರ್ಥಿಗಳೂ ಅಲ್ಲ, ನೌಕರರೂ ಅಲ್ಲ. ಅಂಥವರು ಬಂದದ್ದು, ಮಾಡಿದ್ದು, ಹೋದದ್ದು ಸಂಸ್ಥೆಗಳ ದಾಖಲೆಯಲ್ಲಿ ಎಲ್ಲಿರುತ್ತದೆ, ಇರುತ್ತದೋ ಇಲ್ಲವೋ ಎಂಬುದೇ ಅವರ ವಿಷಯ.

“ಲಾರಿ ಕ್ಲೀನರ್ ಇದ್ದಂಗಾತಲ್ರಿ” ಎಂದೆ. “ಗಾಡ್ಯಾಗ ಇರ್ತಾನ, ಪರ್ಮಿಟ್‌ನಾಗ ಇರಂಗಿಲ್ಲ.”

“ಸರಿಯಾಗಿ ಹೇಳಿದಿರಿ ಮಾಸ್ತರ್. ನಾನೂ ಅಂಥ ಕ್ಲೀನರೇ.”

ಓಣಿಯವರು ಬೈಂಡರನನ್ನು ಮಾಸ್ತರ್ ಎಂದು ಕರೆಯುವುದು ರೂಢಿ. ಅಂಗಡಿಯಲ್ಲಿ ಯಾರೋ ಹಾಗೆ ಕೂಗಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಆದರೂ ಅಷ್ಟು ಓದಿದವರ ಬಾಯಲ್ಲಿ ಆ ಮಾತು ಬಂದದ್ದು ನನಗೆ ಹಿತವಾಯಿತು.

ಮೊದಲು ಹೋದದ್ದು ಟಿ.ಬಿ. ಡ್ಯಾಂನ ಒಂದು ಕಚೇರಿಗೆ. ಅಲ್ಲಿ ಜಲಾಶಯದಲ್ಲಿ ತುಂಬಿಕೊಳ್ಳುವ ಹೂಳಿನ ಬಗ್ಗೆ ಕೆಲಸ ಮಾಡಿದ ಒಬ್ಬ ಪೋಸ್ಟ್‌ಡಾಕ್ ಇದ್ದರಂತೆ. ಸಿಬ್ಬಂದಿಯ ದಫ್ತರಗಳಲ್ಲಿ ಅವರ ಹೆಸರಿಲ್ಲ. ಕಡೆಗೆ ಸಿಕ್ಕಿದ್ದು ಉಗ್ರಾಣದ ಪುಸ್ತಕದಲ್ಲಿ. ಒಂದು ಡೇರೆ, ದೋಣಿಯ ಹುಟ್ಟು, ಹಗ್ಗ ಪಡೆದುಕೊಂಡವರು ಎಂದು ಅವರ ಸಹಿ. ಉಗ್ರಾಣದವರು ಮೂಗಿನ ತುದಿಯ ಕನ್ನಡಕದಿಂದ ನೋಡಿ, “ಡೇರೆ ವಾಪಸ್ ಬಂದೈತ್ರಿ, ಹುಟ್ಟು ವಾಪಸ್ ಬಂದೈತ್ರಿ. ಮನುಷ್ಯ ಎಲ್ಲಿಗೆ ಹೋದ ಅಂದ್ರ ನನ್ನ ಕಾಲಮ್‌ನಾಗ ಇಲ್ರಿ” ಎಂದರು.

ಕಂಪ್ಲಿಯ ಕಡೆಯ ಒಂದು ಭತ್ತದ ಕೇಂದ್ರದಲ್ಲಿ ಹಾಜರಿ ಪಟ್ಟಿಗಳು ಗೆದ್ದಲು ಹತ್ತಿ ಇಟ್ಟಿಗೆಯಂತೆ ಅಂಟಿಕೊಂಡಿದ್ದವು. ಒಣಗಿದ ಬಿದಿರಿನ ಚಕ್ಕೆಯನ್ನು ಹಾಳೆಗಳ ನಡುವೆ ತೂರಿಸಿ, ಉಸಿರು ಬಿಗಿಹಿಡಿದು, ಒಂದೊಂದಾಗಿ ಎಬ್ಬಿಸಿದೆ. ಅಲ್ಲಿ, ಕಳೆ ತೆಗೆಯುವ ಹೆಣ್ಣಾಳುಗಳ ಹೆಸರುಗಳ ನಡುವೆ, ಡಾಕ್ಟರ್ ಎಂದು ಶುರುವಾಗುವ ಒಂದು ಹೆಸರು. ಅಲ್ಲಿಯ ಗುಮಾಸ್ತರಿಗೆ ಅವರ ನೆನಪಿತ್ತು. “ಪಗಾರ ಬಿಡಸಾಕ ಬ್ಯಾರೆ ದಾರಿ ಇರ್ಲಿಲ್ರಿ. ಕಳೆ ತೆಗಿಯೋರ ಜತಿಗೆ ಸೇರಿಸಿದ್ವಿ. ಬ್ಯಾಸರ ಮಾಡ್ಕಬ್ಯಾಡ್ರಿ ಡಾಕ್ಟ್ರೇ ಅಂದ್ರ ನಕ್ರು, ಪಾಪ.”

ಹಂಪಿಯಲ್ಲಿ ಹಾಳು ಗುಡಿಗಳ ಅಳತೆ ತೆಗೆಯುವ ಒಂದು ಶಿಬಿರವಿತ್ತು. ಅಲ್ಲಿ ಅಂಥವರೆಲ್ಲ ಅತಿಥಿಗೃಹದ ಪುಸ್ತಕದಲ್ಲಿದ್ದರು. ಬಂದ ತಾರೀಖು ಇದೆ, ಹೋದ ತಾರೀಖು ಹಾಕುವುದನ್ನು ಒಬ್ಬರ ವಿಷಯದಲ್ಲಿ ಮರೆತಿದ್ದರು. “ಪುಸ್ತಕದ ಪ್ರಕಾರ ಅವ್ರು ಇನ್ನೂ ಮೂರನೇ ರೂಮಿನಾಗ ಅದಾರ” ಎಂದು ಕಾವಲುಗಾರ ನಗಾಡಿದ. ಮೇಡಂ ಕೂಡ ನಕ್ಕರು. ಆದರೆ ಹೊರಗೆ ಬಂದು ಮರದ ಕೆಳಗೆ ಕೂತು ಬರೆದುಕೊಳ್ಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

“ಡೇರೆಗೆ ಜಾಗ ಇದೆ, ಕೋಣೆಗೆ ಜಾಗ ಇದೆ ಮಾಸ್ತರ್” ಎಂದರು. “ಅದರಲ್ಲಿ ಇದ್ದವರಿಗೇ ಇಲ್ಲ.”

ಸಂಡೂರಿನ ಕೆಲಸ ಕೊನೆಯದು. ಬಸ್ಸಿನ ಕಿಟಕಿ ಮುಚ್ಚಿದ್ದರೂ ಇಳಿಯುವ ಹೊತ್ತಿಗೆ ನಮ್ಮಿಬ್ಬರ ಹುಬ್ಬುಗಳೂ ಅದಿರಿನ ಧೂಳಿಗೆ ಕೆಂಪಾಗಿದ್ದವು. ರಸ್ತೆಯ ಎರಡೂ ಕಡೆ ಗಿಡಗಳ ಎಲೆ ಯಾವುದು, ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ನಾವು ಹೋದದ್ದು ಮಣ್ಣು, ನೀರು, ಧೂಳಿನ ಪರೀಕ್ಷೆ ಮಾಡುವ ಒಂದು ಸಂಶೋಧನಾ ಕೇಂದ್ರಕ್ಕೆ. ಹೆಸರು ಬೇಡ. ಅಲ್ಲಿಯ ದಫ್ತರಗಳಿಗೆ ಬಿಳಿಯ ರುಮಾಲು ಕಟ್ಟಿದ್ದರೆಂದು ಗಂಟು ಬಿಚ್ಚಿ ಒಳಮಡಿಕೆ ನೋಡಿದ ಮೇಲೆಯೇ ತಿಳಿಯಿತು. ಹೊರಗೆಲ್ಲ ಇಟ್ಟಿಗೆಯ ಬಣ್ಣ.

ಕಚೇರಿಯ ಹೆಡ್ ಗುಮಾಸ್ತರು ಒಳ್ಳೆಯ ಮನುಷ್ಯ. ಚಹಾ ತರಿಸಿದರು, ಫ್ಯಾನಿನ ಕೆಳಗೆ ಮೇಜು ಹಾಕಿಸಿದರು. ಮೇಡಂ ಕೇಳಿದ್ದಕ್ಕೆ ಮಾತ್ರ, “ನಮ್ಮಲ್ಲಿ ಅಂಥವ್ರು ಯಾರೂ ಇದ್ದಿಲ್ರಿ. ಸೊನ್ನೆ ಅಂತ ಬರಕೊಳ್ರಿ” ಎಂದುಬಿಟ್ಟರು.

ಆ ಮಾತು ಮುಗಿಯುವ ಮುಂಚೆಯೇ ಬಾಗಿಲ ಬಳಿಯಿಂದ ಒಂದು ದನಿ ಬಂತು.

“ಇದ್ದನ್ರಿ. ನನ್ನ ತಮ್ಮ ಇದ್ದ.”

ಒಳಗೆ ಬರುವಾಗ ಮೆಟ್ಟಿಲ ಮೇಲೆ ಕೂತಿದ್ದ ಹೆಣ್ಣುಮಗಳೊಬ್ಬಳನ್ನು ನೋಡಿದ್ದೆ. ನನ್ನ ವಯಸ್ಸಿನವಳೇ ಇರಬೇಕು. ಎದೆಗೆ ಒಂದು ಪ್ಲಾಸ್ಟಿಕ್ ಕವರು ಅವಚಿಕೊಂಡಿದ್ದಳು. ಹೆಡ್ ಗುಮಾಸ್ತರು ಹಣೆ ಒತ್ತಿಕೊಂಡರು. “ಮತ್ತ ಬಂದೀ ಏನವ್ವಾ. ನಾ ಏನ್ ಮಾಡ್ಲಿ ಹೇಳು.”

ಅವಳು ಕಂಪ್ಲಿ ಸೀಮೆಯ ಮೆಟ್ರಿಯವಳು. ತಂದೆತಾಯಿ ಬೇಗ ತೀರಿಕೊಂಡು ತಮ್ಮನನ್ನು ಅವಳೇ ಸಾಕಿದ್ದಳು. ತನ್ನ ಮದುವೆಯ ಮಾತೆತ್ತಗೊಡದೆ ಅವನನ್ನು ಓದಿಸಿದ್ದಳು. ಅವನು ಡಾಕ್ಟರೇಟ್ ಮುಗಿಸಿ ಈ ಕೇಂದ್ರಕ್ಕೆ ಬಂದು, ಅದಿರು ರಸ್ತೆಯ ಪಕ್ಕದ ಮನೆಗಳ ಮಾಳಿಗೆಯ ಮೇಲೆ ಸ್ಟೀಲಿನ ತಾಟುಗಳನ್ನಿಟ್ಟು, ಬಿದ್ದ ಧೂಳನ್ನು ತೂಗಿ ಬರೆಯುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ತಾಟುಗಳನ್ನು ನೋಡಿಕೊಂಡು ಬೈಕಿನಲ್ಲಿ ಬರುವಾಗ ಲಾರಿ ಬಡಿಯಿತು. ಪೊಲೀಸರು ಕಾಗದ ಮಾಡುವಾಗ ಈ ಕಚೇರಿಯನ್ನು ಕೇಳಿದರು. ಇಂಥ ಹೆಸರಿನವರು ನಮ್ಮ ಸಿಬ್ಬಂದಿಯಲ್ಲಿ ಇಲ್ಲ ಎಂದು ಕಚೇರಿ ಬರೆದುಕೊಟ್ಟಿತು. ಅದು ಸುಳ್ಳೂ ಅಲ್ಲ. ಪೊಲೀಸರು ಸತ್ತವನ ಉದ್ಯೋಗ ಎಂಬಲ್ಲಿ ‘ನಿರುದ್ಯೋಗಿ’ ಎಂದು ಬರೆದರು.

ಕವರಿನಿಂದ ಅವಳು ಆ ಕಾಗದದ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. ಆ ಒಂದು ಮಾತಿನ ಕೆಳಗೆ ಬೆರಳು ಓಡಾಡಿ ಕಾಗದ ಕಪ್ಪಾಗಿತ್ತು.

“ಊರಾಗ ಎಲ್ಲಾರು ಓದ್ಯಾರ. ಕೆಲ್ಸ ಇಲ್ದ ಬೈಕ್ ಮ್ಯಾಲೆ ತಿರಗ್ತಿದ್ನಂತ, ಅಕ್ಕನ ಅನ್ನ ತಿಂದು ತಿರಗ್ತಿದ್ನಂತ ಅಂತಾರ. ಈ ಮಾತು ತೆಗಸ್ರಿ. ನನಗ ಮತ್ತೇನೂ ಬ್ಯಾಡ.”

ಠಾಣೆಯ ಜಮಾದಾರರು ಅವಳಿಗೆ ಹೇಳಿದ್ದರಂತೆ. ಕೇಸಿನ ಕಾಗದಗಳು ಇದೇ ವಾರ ಕೋರ್ಟಿಗೆ ಹೋಗುತ್ತವೆ. ಅದಕ್ಕೆ ಮುಂಚೆ ಕಚೇರಿಯ ಪತ್ರ ತಂದರೆ ತಿದ್ದಬಹುದು, ಆಮೇಲೆ ತಮ್ಮ ಕೈಯಲ್ಲಿಲ್ಲ.

ಮೇಡಂ ಲೆಕ್ಕ ತುಂಬುವ ತಮ್ಮ ಫಾರಂ ಮಡಚಿಟ್ಟರು. ಸೊನ್ನೆ ಬರೆಯಲಿಲ್ಲ. “ನೀವೇ ಅನುಮತಿ ಕೊಟ್ಟಿದೀರಲ್ಲ, ಹುಡುಕ್ತೀವಿ” ಎಂದರು ಹೆಡ್ ಗುಮಾಸ್ತರಿಗೆ. ಅವರು ಬೇಡವೆನ್ನಲಿಲ್ಲ. ಬೀಗದ ಕೈಗಳ ಗೊಂಚಲನ್ನೇ ನನ್ನ ಮುಂದೆ ಇಟ್ಟರು.

ಅವತ್ತಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಅಲ್ಲಿಯವರೆಗೆ ಮೇಡಂ ಕೇಳಿದ ದಫ್ತರ ಬಿಚ್ಚುತ್ತಿದ್ದೆ. ಈಗ ಕಪಾಟಿನ ಮೊದಲ ಹಲಗೆಯಿಂದ ಶುರುಮಾಡಿ ಸಾಲಾಗಿ ಬಿಚ್ಚತೊಡಗಿದೆ. ಗೆರೆ ಎಳೆಯುವುದು, ಗಂಟು ಬಿಚ್ಚುವುದು, ಕುಂಚದಿಂದ ಧೂಳು ಕೊಡವುವುದು, ಹಾಳೆಗಳನ್ನು ಮೇಡಂ ಮುಂದೆ ಒಂದೊಂದಾಗಿ ಇಡುತ್ತ ಹೋಗುವುದು. ಅವಳು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ನೋಡಿ ಮುಗಿದದ್ದನ್ನು ರುಮಾಲಿನಲ್ಲಿ ಸುತ್ತಿ ಕೊಡುತ್ತಿದ್ದಳು. ಮೊದಲನೇ ದಿನವೇ ಗಂಟು ಹಾಕುವ ರೀತಿ ನೋಡಿ ಕಲಿತುಬಿಟ್ಟಳು.

“ಕೈ ಚುರುಕದ ಯಕ್ಕಾ” ಎಂದೆ.

“ಸಸಿ ಸಿವುಡು ಕಟ್ಟೋ ಕೈ ಅಣ್ಣಾ. ಇದೇನು ದೊಡ್ಡದು.”

ಪಗಾರದ ದಫ್ತರಗಳಲ್ಲಿ ಅವನಿಲ್ಲ. ಅವನ ದುಡ್ಡು ‘ಇತರೆ ವೆಚ್ಚ’ ಎಂಬುದರಲ್ಲಿ ಹೋಗಿತ್ತು, ಹೆಸರಿಲ್ಲದೆ. ಉಗ್ರಾಣದಲ್ಲಿಯೂ ಇಲ್ಲ. ತಾಟುಗಳನ್ನು ಅವನೇ ಸಂತೆಯಲ್ಲಿ ಕೊಂಡಿದ್ದನಂತೆ, ತೂಗುವ ಯಂತ್ರ ಅವನ ಮೇಲಿನ ದೊಡ್ಡ ವಿಜ್ಞಾನಿಯ ಹೆಸರಿನಲ್ಲಿತ್ತು. ಆ ವಿಜ್ಞಾನಿ ವರ್ಗವಾಗಿ ದೂರದ ಊರಿಗೆ ಹೋಗಿದ್ದರು. ಮೇಡಂ ಅವರಿಗೆ ಫೋನ್ ಹಚ್ಚಿದರು. ಅವರು ಬಹಳ ನೊಂದುಕೊಂಡು ಮಾತಾಡಿದರಂತೆ. ಒಳ್ಳೆಯ ಹುಡುಗ, ಬಂಗಾರದಂಥ ಕೆಲಸ ಎಂದರಂತೆ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ ಎಂದದ್ದಕ್ಕೆ, “ನೇಮಕದ ಅಧಿಕಾರ ಕಚೇರಿಯದು, ನಾನು ಬರೆದರೆ ತಪ್ಪಾಗುತ್ತೆ, ಕಚೇರಿಯನ್ನೇ ಕೇಳಿ” ಎಂದರಂತೆ. ಮೇಡಂ ಫೋನನ್ನು ಚೀಲಕ್ಕೆ ಹಾಕಿ ಮುಂದಿನ ದಫ್ತರ ಎಳೆದುಕೊಂಡರು.

ಮಾರನೆಯ ದಿನ ಮಧ್ಯಾಹ್ನ ಕೆಳಗಿನ ಹಲಗೆಯ ಮೂಲೆಯಲ್ಲಿ ಧೂಳಿನ ಯೋಜನೆಯ ಫೈಲು ಸಿಕ್ಕಿತು. ದಪ್ಪನೆಯದು, ಹೊಲಿಗೆ ಹಾಕಿದ್ದು. ಮೇಡಂ ವಾರ್ಷಿಕ ವರದಿಯ ಹಾಳೆ ಓದಿ ನಮಗೆ ಕನ್ನಡದಲ್ಲಿ ಹೇಳಿದರು. ‘ಪೋಸ್ಟ್‌ಡಾಕ್ಟರಲ್ ಸಂಶೋಧಕ: ಹುದ್ದೆ ಒಂದು, ಭರ್ತಿಯಾಗಿದೆ.’

“ಹೆಸರು?” ಎಂದಳು ಅವಳು.

“ಹೆಸರಿಲ್ಲಮ್ಮ. ಹುದ್ದೆ ತುಂಬಿದೆ ಅಂತ ಅಷ್ಟೇ ಇದೆ.”

“ಯಾರಿಂದ ತುಂಬೇತಿ ಅಂತ ಬರಿಬಾರ್ದೇನ್ರಿ?”

ಮೇಡಂ ಹಾಳೆ ತಿರುವಿದರು. ಮುಂದಿನ ಹಾಳೆಗಳು ಧೂಳಿನ ತೂಕದ ಲೆಕ್ಕ, ಕೈಬರಹ. ಅವಳು ನನ್ನ ಕೈಯಿಂದ ಹಾಳೆಯನ್ನು ತೆಗೆದುಕೊಂಡಳು. ಬೆರಳ ತುದಿಯನ್ನು ಸೆರಗಿಗೆ ಒರೆಸಿಕೊಂಡು ಒಂದು ಅಂಕಿಯ ಮೇಲಿಟ್ಟಳು.

“ಇದು ಅವನ ಏಳು. ನಡಕ ಅಡ್ಡಗೆರಿ ಹಾಕ್ತಾನ. ಇದು ಅವನ ನಾಕು.” ಹಾಗೆಯೇ ಹಾಳೆಯ ಉದ್ದಕ್ಕೂ ಬೆರಳು ಇಳಿಸುತ್ತ ಹೋದಳು. “ಪೂರಾ ಅವಂದೇ. ಎಲ್ಲಾ ಅವಂದೇ ಅದ, ನೋಡ್ರಿ.”

ಪ್ರತಿ ಹಾಳೆಯ ಕೆಳಗೂ ಇದ್ದದ್ದು ದೊಡ್ಡ ವಿಜ್ಞಾನಿಯ ಸಹಿ.

ಹೆಡ್ ಗುಮಾಸ್ತರು ಬಂದು ನಿಂತು ನೋಡಿದರು. “ನನಗೂ ಗೊತ್ತದವ್ವಾ. ಆ ಹುಡುಗನ ಕೈಯಾಗ ನಾನೂ ಚಾ ಕುಡದೀನಿ. ಆದ್ರ ಅಕ್ಷರ ನೋಡಿ ಪತ್ರ ಕೊಡಾಕ ಬರಂಗಿಲ್ಲ. ಇಲ್ಲ ಅಂತ ಒಂದ್ಸಲ ಬರಕೊಟ್ಟೀನಿ. ಈಗ ಇದ್ದ ಅಂತ ಬರೀಬೇಕಂದ್ರ ಕೈಯಾಗ ಕಾಗದ ಬೇಕು.”

ಮೇಡಂ ಊಟಕ್ಕೆ ಹೋದಾಗ ಅವರು ಮತ್ತೆ ಬಂದರು. ಬಾಗಿಲು ಅರ್ಧ ಮುಚ್ಚಿದರು. ನನ್ನನ್ನು ನೋಡಿ ಮೆಲ್ಲಗೆ ಕೇಳಿದರು.

“ಮಾಸ್ತರ್, ಈ ಹೊಲಿಗೆ ಬಿಚ್ಚಿ ನಡುವ ಒಂದು ಹಾಳಿ ಸೇರಿಸಿದ್ರ ಗೊತ್ತಾಗ್ತದೇನ್ರಿ?”

ನನಗೆ ತಕ್ಷಣ ಅರ್ಥವಾಯಿತು. ಕೆಲಸಕ್ಕೆ ಬಂದು ಸೇರಿದ ದಿನ ಪ್ರತಿಯೊಬ್ಬರೂ ಬರೆದುಕೊಡಬೇಕಾದ ಹಾಜರಿ ಪತ್ರ. ಅದನ್ನು ಇವನಿಂದ ಯಾರೂ ಕೇಳಿರಲಿಲ್ಲ. ಅದು ಈ ಫೈಲಿನಲ್ಲಿ ಇದ್ದರೆ ‘ದಾಖಲೆಯ ಪ್ರಕಾರ’ ಎಂದು ಅವರು ಪತ್ರ ಕೊಡಬಹುದು.

“ನಾನು ಕಟ್ಟಿದ್ರ ಗೊತ್ತಾಗಂಗಿಲ್ಲ” ಎಂದೆ.

ಅದು ಜಂಬದ ಮಾತಲ್ಲ. ಅದೇ ಫೈಲಿನ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು, ಅದೇ ಕಾಗದ, ಅದೇ ಹಳದಿ. ಹಳೆಯ ತೂತಿನಲ್ಲೇ ಹಳೆಯ ದಾರವನ್ನೇ ಎಳೆದು ಬಿಗಿಯಬಹುದು. ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಚುಕ್ಕಿ ಅಳಿಸಿದ ಜಾಗ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಕಿಟಕಿಯ ಕಟ್ಟೆಯ ಮೇಲಿನ ಕೆಂಪು ಧೂಳಿನಲ್ಲಿ ಬಟ್ಟೆ ಅದ್ದಿ ಒಂದು ಸಲ ತೀಡಿದರೆ ಸಾಕು. ಅಲ್ಲಿಯವರೆಗೆ ನಾನು ಯಾವ ಕಚೇರಿಯ ದಫ್ತರಕ್ಕೂ ಒಂದು ಹಾಳೆ ಸೇರಿಸಿದವನಲ್ಲ, ತೆಗೆದವನಲ್ಲ. ಆದರೆ ಈ ಹಾಳೆಯಲ್ಲಿ ಬರೆಯುವುದು ನಡೆದ ಸಂಗತಿಯನ್ನೇ. ಅವನು ಬಂದಿದ್ದ, ಸೇರಿದ್ದ, ಈ ಮೇಜಿನಲ್ಲೇ ಕೂತು ಈ ಏಳುಗಳನ್ನು ಬರೆದಿದ್ದ. ಸೂಜಿಗೆ ಮೇಣ ಹಚ್ಚುವಾಗ ನನ್ನ ಮನಸ್ಸಿನಲ್ಲಿ ಅಳುಕಿರಲಿಲ್ಲ. ಇವತ್ತಿಗೂ ಇಲ್ಲ.

ಹೆಡ್ ಗುಮಾಸ್ತರು ಒಕ್ಕಣೆಯನ್ನು ಒಂದು ಚೀಟಿಯಲ್ಲಿ ಗೀಚಿಕೊಟ್ಟರು. “ಸಹಿ ಮಾತ್ರ ಅವಂದ ಬೇಕು” ಎಂದು ಅವಳ ಕಡೆ ತಿರುಗಿದರು. “ನಿನಗ ಅವನ ಸಹಿ ಗೊತ್ತಿರಬೇಕಲ್ಲವ್ವಾ?”

“ನನಗ ಅಕ್ಷರ ಕಲಿಸಿದವನ ಅವನ್ರಿ” ಎಂದಳು. “ಅವ ಬರದದ್ದರ ಮ್ಯಾಲೆ ತಿದ್ದಿ ತಿದ್ದಿ ಕಲ್ತಿದ್ದು.”

ರದ್ದಿ ಹಾಳೆಯ ಮೇಲೆ ಒಮ್ಮೆ ಬರೆದು ನೋಡೆಂದು ಪೆನ್ನು ಕೊಟ್ಟೆ. ಅವಳು ಹಾಳೆಯನ್ನು ನೆಲದ ಮೇಲಿಟ್ಟು, ಬಗ್ಗಿ, ಒಂದೇ ಉಸಿರಿಗೆ ಬರೆದಳು. ಅವಳ ಕವರಿನಲ್ಲಿದ್ದ ಅವನ ಪದವಿ ಪತ್ರದ ಪ್ರತಿಯ ಪಕ್ಕದಲ್ಲಿಟ್ಟು ನೋಡಿದೆವು. ಹೆಡ್ ಗುಮಾಸ್ತರ ಬಾಯಿಂದ “ಅಬ್ಬಾ” ಎಂಬ ಮಾತು ಬಂತು. ಕೊಕ್ಕೆ, ಬಾಲ, ಕೆಳಗಿನ ಎರಡು ಚುಕ್ಕಿ, ಎಲ್ಲ ಒಂದೇ.

ಅವಳೂ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಹೆಡ್ ಗುಮಾಸ್ತರು ಬಾಗಿಲ ಕಡೆ ಎರಡು ಸಲ ಇಣುಕಿ ಬಂದರು. “ಜಲ್ದಿ ಮಾಡವ್ವಾ, ಯಾರಾರ ಬಂದಾರು.”

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

“ಬ್ಯಾಡ್ರಿ.”

“ಯಾಕ?”

“ನಾಳೆ ಯಾವನಾರ ಇದನ್ನ ಬಿಚ್ಚಿ, ಈ ಹಾಳಿ ಸುಳ್ಳು ಅಂದ್ರ? ಅವಾಗ ಅವ ತೂಗಿ ಬರದದ್ದೂ ಸುಳ್ಳಾಗ್ತೈತಿ. ಅವ ಓದಿದ್ದೂ ಸುಳ್ಳಾಗ್ತೈತಿ. ಅಕ್ಕನ ಮಾಡ್ಯಾಳ ಅಂತಾರ.” ಸಹಿ ಮಾಡಿದ ರದ್ದಿ ಹಾಳೆಯನ್ನು ಸಣ್ಣಗೆ ಹರಿದು ಮುಷ್ಟಿಯಲ್ಲಿ ಹಿಡಿದುಕೊಂಡಳು. “ನೀವು ಕಟ್ಟೋದು ಗೊತ್ತಾಗಂಗಿಲ್ಲ ಅಣ್ಣಾ, ಖರೆ. ನನಗ ಗೊತ್ತಿರ್ತದಲ್ಲ.”

ಹೆಡ್ ಗುಮಾಸ್ತರು ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಹೋದರು. ನಾನು ಸೂಜಿಯಿಂದ ದಾರ ತೆಗೆದೆ. ಫೈಲನ್ನು ಚುಕ್ಕಿಗಳ ಪ್ರಕಾರ ಹೊಂದಿಸಿ, ಇದ್ದ ಹಾಗೆಯೇ ಹೊಲಿದು, ಇದ್ದ ಹಲಗೆಯ ಮೇಲೆ ಇಟ್ಟೆ.

ಮೇಡಂಗೆ ನಡೆದದ್ದನ್ನು ಅವಳೇ ಹೇಳಿದಳು. ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಕೂತು ತಾವೇ ಒಂದು ಪತ್ರ ಬರೆದರು. ಈ ಸಂಸ್ಥೆಯಲ್ಲಿ ಅಂಥ ಹುದ್ದೆ ಇತ್ತು, ಅದು ಭರ್ತಿಯಾಗಿತ್ತು, ಇಂಥವರು ಆ ಕೆಲಸ ಮಾಡಿದ್ದಕ್ಕೆ ಕೈಬರಹದ ಆಧಾರವಿದೆ ಎಂದು. ತಮ್ಮ ಸಹಿಯ ಕೆಳಗೆ ಹುದ್ದೆ ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಅವರ ಸಂಶೋಧನೆಯ ಅವಧಿ ಮುಗಿಯಲು ಬಂದಿತ್ತು, ಅವರ ಸಂಸ್ಥೆ ಅವರಿಗೆ ಒಂದು ಗುರುತಿನ ಚೀಟಿಯನ್ನೂ ಕೊಟ್ಟಿರಲಿಲ್ಲ. ಕೊನೆಗೆ ‘ಸಂಶೋಧಕಿ’ ಎಂದಷ್ಟೇ ಬರೆದರು. “ಇದು ಸಾಕಾಗುತ್ತೆ ಅಂತ ನನಗನ್ನಿಸಲ್ಲ ಮಾಸ್ತರ್. ಆದರೂ ತಗೊಂಡು ಹೋಗಿ. ನಾನು ಅಷ್ಟರಲ್ಲಿ ಇಲ್ಲಿನ ಡೈರೆಕ್ಟರನ್ನ ಹಿಡಿದು ನೋಡ್ತೀನಿ.”

ಠಾಣೆಗೆ ಅವಳ ಜೊತೆ ನಾನು ಹೋದೆ. ದಾರಿಯಲ್ಲಿ ರಸ್ತೆ ಬದಿಯ ಒಂದು ಖಾನಾವಳಿ. ಅದರ ಮಾಳಿಗೆಯ ಮೇಲೆ ಅವನಿಟ್ಟ ತಾಟು ಇನ್ನೂ ಇದೆಯೆಂದು ಅವಳಿಗೆ ಗೊತ್ತಿತ್ತು. ಖಾನಾವಳಿಯವನು ಮಸಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. “ಧೂಳಿನ ಸಾರ್ ಅಕ್ಕ ಏನು? ನಡೀರಿ, ನಾ ಹೇಳ್ತೀನಿ ಪೊಲೀಸ್ರಿಗೆ” ಎಂದು ಗಲ್ಲಾವನ್ನು ಹೆಂಡತಿಗೆ ಒಪ್ಪಿಸಿ ನಮ್ಮ ಜೊತೆ ಹೊರಟುಬಿಟ್ಟ. ದಾರಿಯುದ್ದಕ್ಕೂ ಅವನದೇ ಮಾತು. “ದಿನಾ ಬರೋರು. ನನ್ನ ಇಡ್ಲಿ ಮ್ಯಾಲೆ ಎಷ್ಟು ಧೂಳು ಬೀಳ್ತೈತಿ ಅಂತ ಲೆಕ್ಕ ಹೇಳೋರು. ಸಾರ್, ಮೆತ್ತಗ ಹೇಳ್ರಿ, ಗಿರಾಕಿ ಓಡಿ ಹೋಗ್ತಾರ ಅಂತಿದ್ದೆ.” ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜಮಾದಾರರು ಒಳ್ಳೆಯ ಮಾತಿನವರು. ಮೇಡಂ ಪತ್ರವನ್ನು ಎರಡು ಸಲ ಓದಿದರು. “ಇವ್ರು ಆ ಕಚೇರಿಯವ್ರೇನ್ರಿ? ಅಲ್ಲ. ಮತ್ತ ಇದನ್ನ ಹೆಂಗ ಹಾಕ್ಲಿ?” ಖಾನಾವಳಿಯವನ ಮಾತನ್ನೂ ಕೇಳಿದರು. “ಲೇ, ನಿನ್ನ ಮಾಳಿಗಿ ಮ್ಯಾಲೆ ತಾಟು ಇಟ್ಟಿದ್ದು ನೌಕ್ರಿ ಅಂತ ನಾ ಬರದ್ರ, ಕೋರ್ಟಿನಾಗ ವಕೀಲ ನನ್ನ ಹರಾಜು ಹಾಕ್ತಾನ.”

ಅಷ್ಟರಲ್ಲಿ ಮೇಡಂ ಫೋನ್ ಬಂತು. ಖಾನಾವಳಿಯವನ ಮೊಬೈಲಿಗೆ ಮಾಡಿದ್ದರು. ಅವನ ನಂಬರನ್ನು ದಾರಿಯಿಂದಲೇ ಅವರಿಗೆ ಹೇಳಿದ್ದೆವು. ಡೈರೆಕ್ಟರರು ಹಿಂದೆ ಕೊಟ್ಟ ಉತ್ತರಕ್ಕೇ ಬದ್ಧ ಎಂದರಂತೆ. ನಾನು ಅದನ್ನು ಅವಳಿಗೆ ಹೇಳಬೇಕಾಗಿ ಬರಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಜಮಾದಾರರು ಕಾಗದಗಳ ಕಟ್ಟನ್ನು ಮೇಜಿನ ಮೇಲೆ ತಟ್ಟಿ ಸರಿಮಾಡುತ್ತಿದ್ದರು. ತಟ್ಟುವುದು ನಿಂತಿತು.

“ಅಲ್ಲವ್ವಾ, ನಿಮಗ ಹೊಲ ಐತೇನು?”

“ಐತ್ರಿ. ಕಾಲುವಿ ಕೆಳಗ.”

“ಪಹಣಿಯಾಗ ಅವನ ಹೆಸರು ಐತೇನು?”

ಕವರಿನಲ್ಲಿ ಪಹಣಿಯ ಪ್ರತಿಯೂ ಇತ್ತು. ಯಾರು ಏನು ಕೇಳುತ್ತಾರೋ ಎಂದು ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಅವಳು ಹೊತ್ತು ತಂದಿದ್ದಳು. ತಂದೆಯ ನಂತರ ಹೊಲ ಇಬ್ಬರ ಹೆಸರಿಗೂ ಆಗಿತ್ತು. ಮೊದಲ ಹೆಸರು ಅವನದೇ, ಪೂರ್ತಿಯಾಗಿ, ತಂದೆಯ ಹೆಸರಿನೊಂದಿಗೆ, ಒಂದಕ್ಷರವೂ ತಪ್ಪಿಲ್ಲದೆ.

“ಹಂಗಾರ ಆತು” ಎಂದರು ಜಮಾದಾರರು. ಅವರಿಗೆ ನಿಜವಾಗಿಯೂ ಸಮಾಧಾನವಾದಂತೆ ಕಂಡಿತು. “ಇದು ಗಟ್ಟಿ ದಾಖಲೆ. ‘ನಿರುದ್ಯೋಗಿ’ ತಗದು ‘ವ್ಯವಸಾಯ’ ಅಂತ ಬರೀತೀನಿ. ಯಾರೂ ಕೇಳಂಗಿಲ್ಲ. ಬರೀಲೇನು?”

ಅವಳು ನನ್ನನ್ನು ನೋಡಿದಳು. ಖಾನಾವಳಿಯವನು, “ಬರಸಿಬಿಡು ಯಕ್ಕಾ, ಆ ಮಾತಾರ ಹೋಗ್ಲಿ” ಎಂದ. ಹೊರಗೆ ಲಾರಿಗಳು ಸಾಲಾಗಿ ಹಾದುಹೋದವು. ಕಿಟಕಿಯ ಗಾಜು ಅದುರಿತು. ಅದು ನಿಂತ ಮೇಲೆ ಅವಳು ಜಮಾದಾರರ ಕಡೆ ತಿರುಗಿದಳು.

“ಬರೀರಿ” ಎಂದಳು.

ಜಮಾದಾರರು ಹಳೆಯ ಮಾತಿನ ಮೇಲೆ ಒಂದು ಗೆರೆ ಎಳೆದರು.

“ಪೂರಾ ಅಳಸ್ರಿ.”

“ಅಳಸಂಗಿಲ್ಲವ್ವಾ. ಹೊಡದು ಹಾಕಿದ್ದೂ ಓದಾಕ ಬರ್ಬೇಕು. ರೂಲದು.” ಮೇಲುಗಡೆ ‘ವ್ಯವಸಾಯ’ ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಸೀಲು ಒತ್ತಿದರು.

ಖಾನಾವಳಿಯವನು ಗಿರಾಕಿಗಳ ನೆನಪಾಗಿ ಮುಂದೆ ಓಡಿದ. ನಾವಿಬ್ಬರೂ ಅವಳ ಬಸ್ಸಿಗಾಗಿ ರಸ್ತೆ ಬದಿ ನಿಂತೆವು. ಅವಳು ಹೊಸ ಪ್ರತಿಯನ್ನು ಮಡಚದೆ ಕವರಿನೊಳಗೆ ಇಳಿಸುತ್ತಿದ್ದಳು. ನನ್ನ ಕಡೆ ನೋಡದೆ ಮಾತಾಡಿದಳು.

“ಒಂದ್ಸಲ ನಾಟಿ ಹೊತ್ನ್ಯಾಗ ಆಳು ಬರ್ಲಿಲ್ಲಣ್ಣಾ. ಪ್ಯಾಂಟ್ ಮಡಿಚ್ಕಂಡು ಗದ್ದಿಗೆ ಇಳೀತೀನಿ ಅಂತ ಬಂದ. ಭಾಳ ಬೈದೆ. ಬದುವಿನ ಮ್ಯಾಲೆ ಕುಂದ್ರಿಸಿ ಪುಸ್ತಕ ಕೊಟ್ಟೆ. ಅವನ ಪಾದಕ್ಕ ಕೆಸರು ಹತ್ತಗೊಟ್ಟಿಲ್ಲ ನಾನು.”

ಕಂಪ್ಲಿ ಬಸ್ಸು ಬರುವುದು ಕಾಣಿಸಿತು. ಅವಳು ಕವರಿನ ಬಾಯಿ ಮಡಚಿ ಎದೆಗೆ ಹಿಡಿದುಕೊಂಡಳು.

“ಇವತ್ತು ನಾನ ಗದ್ದಿಗೆ ಇಳಿಸಿದೆ” ಎಂದಳು.

ಬಸ್ಸು ಪೂರ್ತಿ ನಿಲ್ಲಲಿಲ್ಲ, ಓಡುತ್ತಿದ್ದ ಹಾಗೆಯೇ ಅವಳು ಹತ್ತಿದಳು. ನಾನು ಉಳಿದ ದಫ್ತರಗಳನ್ನು ಕಟ್ಟಲು ಕಚೇರಿಯ ಕಡೆ ನಡೆದೆ.